ಫಿರ್ಮಿನ್ ಗಡ್ಡ ಬೋಳಿಸಿದ್ದು

ಐದು ವರ್ಷದಿಂದ ಯಾರ ತಂಟೆಗೂ ಹೋಗದೆ ತನ್ನಷ್ಟಕ್ಕೆ ಬೆಳೆದುಕೊಂಡಿದ್ದ ಗಡ್ಡವನ್ನು ಫಿರ್ಮಿನ್ ಒಲಿವಾರಿ ಅಂದು ಬೆಳಿಗ್ಗೆ ಬೋಳಿಸದೇ ಇದ್ದಿದ್ದರೆ ಮುಂದಿನ ಅನಾಹುತ ಒಂದೂ ಆಗುತ್ತಿರಲಿಲ್ಲ. ಬೋಳಿಸಿದ್ದು ಅವನ ಆಸೆಯಿಂದಲೂ ಅಲ್ಲ. ಹೆಂಡತಿ ಮಿರೇಯ್ ಹಿಂದಿನ ದಿನವೇ ಹೊಸ ಬ್ಲೇಡು ತಂದು ಕನ್ನಡಿಯ ಮುಂದೆ ಇಟ್ಟಿದ್ದಳು.

"ಪ್ಯಾರಿಸ್‌ನಿಂದ ದೊಡ್ಡ ಮನುಷ್ಯ ಬರ್ತಿದಾನೆ. ಖಾಯಂ ಮಾಡೋನು ನಿನ್ನ ಮುಖ ಒಂಚೂರಾದ್ರೂ ನೋಡ್ಬೇಡ್ವಾ? ಈ ಪೊದೆ ನೋಡಿದ್ರೆ ಜೈಲಿಂದ ತಪ್ಪಿಸ್ಕೊಂಡು ಬಂದೋನು ಅಂದ್ಕೋತಾನೆ."

"ಅವನು ನೋಡೋಕೆ ಬರ್ತಿರೋದು ಕಪ್ಪೆ ಮೊಟ್ಟೆ ಕಣೆ, ನನ್ನ ಮುಖ ಅಲ್ಲ."

"ಹಾಗಾದ್ರೆ ಬಿಡು. ನಾಳೆಯಿಂದ ಒನೋರಾ ಜೊತೆ ಹಾಸಿಗೆ ಹಾಸು."

ಒನೋರಾ ಎಂದರೆ ಮಿರೇಯ್‌ಳ ಅಣ್ಣ. ನೀಸ್ ಊರಿನ ಕಡಲದಂಡೆಯಲ್ಲಿ ಬಿಸಿಲು ಕಾಯಲು ಬರುವ ಪ್ರವಾಸಿಗರಿಗೆ ಹಾಸಿಗೆ, ಕೊಡೆ ಬಾಡಿಗೆಗೆ ಕೊಡುತ್ತಿದ್ದ. ತಂಗಿಯ ಗಂಡನಿಗೆ ಕೆಲಸ ಕೊಡಲು ಅವನು ಎರಡು ವರ್ಷದಿಂದ ತುದಿಗಾಲಲ್ಲಿ ನಿಂತಿದ್ದ. 'ವಿಜ್ಞಾನಿ'ಯ ಕೈಯಲ್ಲಿ ಕೊಡೆ ಬಿಚ್ಚಿಸಬೇಕೆಂಬುದು ಅವನ ಬಾಳಿನ ದೊಡ್ಡ ಆಸೆ. ಫಿರ್ಮಿನ್‌ನ ತಾತ್ಕಾಲಿಕ ನೌಕರಿ ಅಂದು, ಜುಲೈ ಮೂವತ್ತೊಂದರ ಸಂಜೆಗೆ, ಮುಗಿಯುತ್ತಿತ್ತು. ಪ್ರಯೋಗಾಲಯಕ್ಕೆ ಆ ವರ್ಷ ದಕ್ಕಿದ್ದು ಒಂದೇ ಒಂದು ಖಾಯಂ ಹುದ್ದೆ. ಅದು ಸಿಗದಿದ್ದರೆ ಹಾಸಿಗೆಯೇ ಗತಿ. ಒನೋರಾನ ನಗು ನೆನಪಾಗಿ ಫಿರ್ಮಿನ್ ಬ್ಲೇಡು ಕೈಗೆತ್ತಿಕೊಂಡ.

ಗಡ್ಡ ಹೋಯಿತು. ಜೊತೆಗೆ ಎಡಗೆನ್ನೆಯ ಕೆಳಗೆ ಒಂದು ಚೂರು ಚರ್ಮವೂ ಹೋಯಿತು.

ಗಾಯ ಸಾಸಿವೆಕಾಳಿನಷ್ಟು. ಆದರೆ ಹಿಂದಿನ ರಾತ್ರಿ ಗಾಬರಿಗೆ ತಲೆನೋವು ಬಂದು ಅವನು ಎರಡು ಆಸ್ಪಿರಿನ್ ನುಂಗಿದ್ದ. ಆಸ್ಪಿರಿನ್ ನುಂಗಿದವನ ರಕ್ತ ಬೇಗ ನಿಲ್ಲುವುದಿಲ್ಲ ಎಂಬುದು ನೀಸ್ ಊರಿನಲ್ಲಿ ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಹತ್ತು ಜನವೂ ಇರಲಿಕ್ಕಿಲ್ಲ. ರಕ್ತ ಹೆಪ್ಪುಗಟ್ಟುವುದರ ಮೇಲೇ ಅವನ ಅನ್ನ ನಡೆಯುತ್ತಿತ್ತು. ತಣ್ಣೀರು ಹಾಕಿದ, ಪಟಿಕ ಉಜ್ಜಿದ, ಸಿಗರೇಟು ಸುತ್ತುವ ತೆಳ್ಳನೆ ಕಾಗದ ಹರಿದು ಅಂಟಿಸಿದ. ಕಾಗದ ಕೆಂಪಾಗಿ ಜಾರಿ ಕಾಲರಿನ ಮೇಲೆ ಬಿತ್ತು. ಎರಡನೆಯ ಅಂಗಿ ಹಾಕಿಕೊಂಡು ಮೆಟ್ಟಿಲಿಳಿದ.

ಕೆಳಗಿನ ಮನೆಯ ರೇಬೋ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಆ ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ಮೊದಲು ಗೊತ್ತಾಗುತ್ತಿತ್ತು.

"ಅಯ್ಯೋ ಮಗಾ, ಯಾರು ಹೊಡೆದ್ರು? ಮಿರೇಯ್‌ನಾ?"

"ಬ್ಲೇಡು ಅಜ್ಜಿ. ಬಸ್ಸಿಗೆ ಹೊತ್ತಾಯ್ತು."

"ನಿಲ್ಲು, ನಿಲ್ಲು. ನೆಲಮಾಳಿಗೇಲಿ ಒಳ್ಳೇ ಜೇಡರ ಬಲೆ ಇದೆ, ಹಳೇದು. ನಮ್ಮ ಯಜಮಾನರು ಹೆಬ್ಬೆರಳು ಕುಯ್ಕೊಂಡಾಗ ಅದನ್ನೇ ಇಟ್ಟಿದ್ದು. ಒಂದು ಗಳಿಗೇಲಿ ನಿಂತಿತ್ತು."

"ಅಜ್ಜಿ, ನಾನು ರಕ್ತದ ವಿಜ್ಞಾನ ಮಾಡೋನು. ನಂಗೆ ಜೇಡರ ಬಲೆ ಹಾಕ್ತೀರಾ?"

"ವಿಜ್ಞಾನ ಮಾಡು, ಬೇಡ ಅಂದೋರ್ಯಾರು? ರಕ್ತ ಮಾತ್ರ ಸೋರ್ತಾನೇ ಇದೆ."

ಅಜ್ಜಿ ಕೋಲಿನ ತುದಿಗೆ ಬಲೆ ಸುತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಫಿರ್ಮಿನ್ ಬೀದಿ ದಾಟಿದ್ದ.

ಅವನ ಕೆಲಸವೇನೆಂದು ಒನೋರಾನಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗಿರಲಿಲ್ಲ, ಆದರೆ ಅದು ಅಷ್ಟೇನೂ ಕಷ್ಟವಲ್ಲ. ರಕ್ತ ಹೆಪ್ಪುಗಟ್ಟಿಸುವ ಕಿಣ್ವಕ್ಕೆ ಥ್ರಾಂಬಿನ್ ಎಂದು ಹೆಸರು. ಅದು ಜೀವಕೋಶಗಳ ಮೈಮೇಲೆ ಯಾವುದೋ ಒಂದನ್ನು ಮುಟ್ಟಿ ಒಳಕ್ಕೆ ಸುದ್ದಿ ಕಳಿಸುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮುಟ್ಟಿಸಿಕೊಳ್ಳುವ ಆ ಗ್ರಾಹಕ ಯಾವುದೆಂದು ಮಾತ್ರ ಯಾರೂ ಕಂಡಿರಲಿಲ್ಲ. ಅದರ ಜೀನನ್ನು ಹಿಡಿಯುವುದೇ ಫಿರ್ಮಿನ್‌ನ ಕೆಲಸ. ಸಾವಿರಾರು ಜೀನುಗಳನ್ನು ಗುಂಪು ಮಾಡಿ, ಒಂದೊಂದು ಗುಂಪನ್ನೂ ಕಪ್ಪೆಯ ಮೊಟ್ಟೆಗಳಿಗೆ ಚುಚ್ಚಿ, ಎರಡು ದಿನ ಕಾದು, ಮೊಟ್ಟೆಯ ಮೇಲೆ ಥ್ರಾಂಬಿನ್ ತೊಟ್ಟಿಕ್ಕುತ್ತಿದ್ದ. ಬೇಕಾದ ಜೀನು ಆ ಗುಂಪಿನಲ್ಲಿದ್ದರೆ ಮೊಟ್ಟೆಯ ಮೈಮೇಲೆ ಗ್ರಾಹಕ ಹುಟ್ಟಿಕೊಂಡಿರುತ್ತದೆ. ಥ್ರಾಂಬಿನ್ ಬಿದ್ದೊಡನೆ ಮೊಟ್ಟೆಯಲ್ಲಿ ವಿದ್ಯುತ್ತು ಹರಿದು ಯಂತ್ರದ ಮುಳ್ಳು ಕಾಗದದ ಮೇಲೆ ಮೇಲಕ್ಕೆ ಹಾರುತ್ತದೆ. ಇಲ್ಲದಿದ್ದರೆ ನೆಟ್ಟನೆ ಗೆರೆ. ಹಾರಿಸಿದ ಗುಂಪನ್ನು ಮತ್ತೆ ಒಡೆದು, ಮತ್ತೆ ಚುಚ್ಚಿ, ಹೀಗೆ ಐದು ವರ್ಷ ಸೋಸಿ ಸೋಸಿ ಕೊನೆಗೆ ಒಂದೇ ಒಂದು ಜೀನು ಉಳಿದಿತ್ತು. ಅದರ ನಂಬರು ನಲವತ್ತೇಳು. ಇದರ ಬೆನ್ನು ಹತ್ತಿದ್ದ ಅಮೆರಿಕದವರು ಇನ್ನೂ ನೂರರ ಗುಂಪಿನಲ್ಲಿದ್ದಾರೆಂದು ಸುದ್ದಿಯಿತ್ತು.

ಅಂದು ಸಂಜೆ ನಾಲ್ಕಕ್ಕೆ ಪ್ಯಾರಿಸ್‌ನ ಆ ದೊಡ್ಡ ಮನುಷ್ಯ ಮಸ್ಯೂ ವಾಸೂರ್ ಎದುರಿಗೆ ನಲವತ್ತೇಳರ ಪರೀಕ್ಷೆ. "ಮುಳ್ಳು ಹಾರಿದ್ರೆ ಹುದ್ದೆ ನಿಮ್ಮದು" ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮದಾಂ ಗಿಸ್ಲೇನ್ ಮಾತು ಕೊಟ್ಟಿದ್ದಳು.

ಬಾಗಿಲಲ್ಲೇ ಒಡೀಲ್ ಎದುರಾದಳು. ಗಾಜಿನ ಸಾಮಾನು ತೊಳೆಯುವುದು, ಕಪ್ಪೆಗಳಿಗೆ ತಿನ್ನಿಸುವುದು, ಸತ್ತ ಮೊಟ್ಟೆ ಹೆಕ್ಕುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅವಳೂ ತಾತ್ಕಾಲಿಕವೇ, ಆದರೆ ಅದು ಯಾರ ನೆನಪಿನಲ್ಲೂ ಇರಲಿಲ್ಲ. ವಾಡಿಕೆಯಂತೆ ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತು ಕೊಟ್ಟುಕೊಂಡರು, ಈ ಕಡೆ ಒಂದು, ಆ ಕಡೆ ಒಂದು. ಒಡೀಲ್‌ಳ ಕೆನ್ನೆಯ ಮೇಲೆ ಕೆಂಪು ಬೊಟ್ಟೊಂದು ಮೂಡಿತು.

"ಇದೇನೋ ಇದು, ರಕ್ತ!" ಒಡೀಲ್ ಕೆನ್ನೆ ಒರೆಸಿಕೊಂಡಳು. "ಗಡ್ಡ ಎಲ್ಲೋ? ಮುಖ ಸುಲಿದ ಆಲೂಗಡ್ಡೆ ಆಗಿದೆ. ಮದಾಂ ನೋಡಿದ್ರೆ ಮುಗೀತು ಕಣೋ!"

ಫಿರ್ಮಿನ್‌ಗೆ ಆಗ ನೆನಪಾಯಿತು. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಇಡೀ ಯುರೋಪಿಗೆ ಹೆಸರಾದ ಮದಾಂ ಗಿಸ್ಲೇನ್‌ಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಕಾಗದದ ಮೇಲಿನ ಗೆರೆಯಾಗಿ ಎಷ್ಟು ಬೇಕಾದರೂ ನೋಡುವಳು. ಒಂದು ಹನಿ ನಿಜವಾದದ್ದು ಕಂಡರೆ ದೊಪ್ಪನೆ ಬೀಳುವಳು. ಹಿಂದಿನ ವರ್ಷ ಕಪ್ಪೆಯ ಹೊಟ್ಟೆ ಕುಯ್ಯುವಾಗ ಒಂದು ತೊಟ್ಟು ರಕ್ತ ನೋಡಿ ಐಸಿನ ತೊಟ್ಟಿಯೊಳಗೆ ಬಿದ್ದು, ಮೂರು ದಿನ ಮನೆಯಲ್ಲಿ ಮಲಗಿ, ಅಷ್ಟೂ ಪ್ರಯೋಗ ನಿಲ್ಲಿಸಿಬಿಟ್ಟಿದ್ದಳು.

"ಒಡೀಲ್, ನಿನ್ನ ದಮ್ಮಯ್ಯ. ಈ ಗಾಯದ ವಿಷಯ ಮದಾಂಗೆ ಹೇಳ್ಬೇಡ. ಅವಳು ಬಿದ್ರೆ ಸಂಜೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ದಿದ್ರೆ ನಂಗೆ ಕೆಲಸ ಇಲ್ಲ."

"ನಾನ್ಯಾಕೆ ಹೇಳ್ಲಿ?"

"ಸತ್ತ ನಿಮ್ಮಮ್ಮನ ಮೇಲೆ ಆಣೆ ಮಾಡು. ಏನು ಕೇಳಿದ್ರೂ ಬಾಯಿ ಬಿಡಲ್ಲ ಅನ್ನು."

ಒಡೀಲ್ ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. "ಆಯ್ತಪ್ಪ. ನಲವತ್ತೇಳು ಚುಚ್ಚಿದ ಮೊಟ್ಟೇನ ಎರಡು ಬಟ್ಟಲು ಮಾಡಿದೀನಿ, ಕೇಳಿಸ್ತಾ? ಒಂದು ನಿನ್ನ ಮೇಜಿನ ಮೇಲಿದೆ, ಇನ್ನೊಂದು ತಣ್ಣನೆ ಪೆಟ್ಟಿಗೇಲಿ. ನಿನ್ನ ಕೈಗುಣ ನಂಗೆ ಗೊತ್ತು."

ಒಂಬತ್ತಕ್ಕೆ ಸರಿಯಾಗಿ ಮದಾಂ ಗಿಸ್ಲೇನ್ ಬಂದಳು. ಬಂದವಳು ಒಬ್ಬೊಬ್ಬರ ಮೇಜಿಗೂ ಹೋಗಿ ಎರಡೆರಡು ಮುತ್ತು ಕೊಟ್ಟೇ ತನ್ನ ಕೋಣೆಗೆ ಹೋಗುವುದು ಅವಳ ಕ್ರಮ. ಜ್ವರ ಬಂದ ದಿನವೂ ಅದು ತಪ್ಪಿದ್ದಿಲ್ಲ. ಅವಳ ಚಪ್ಪಲಿಯ ಸದ್ದು ಹತ್ತಿರವಾಗುತ್ತಿದ್ದಂತೆ ಫಿರ್ಮಿನ್ ಕೆನ್ನೆ ಮುಟ್ಟಿ ನೋಡಿಕೊಂಡ. ಒದ್ದೆ. ಬೇರೆ ದಾರಿ ಕಾಣದೆ ಮೇಜಿನ ಕೆಳಗೆ ನುಗ್ಗಿದ.

"ಫಿರ್ಮಿನ್? ಏನು ಮಾಡ್ತಿದೀರಾ?"

"ಮುಚ್ಚಳ ಬಿದ್ದೋಯ್ತು ಮದಾಂ! ಬಹಳ ಮುಖ್ಯವಾದ ಮುಚ್ಚಳ!"

ಮದಾಂ ಬಗ್ಗಿ, ಕೆನ್ನೆ ಮುಂದೆ ಮಾಡಿಕೊಂಡು, ಅರ್ಧ ನಿಮಿಷ ಕಾದಳು. ಮುಚ್ಚಳ ಸಿಗಲಿಲ್ಲ. ಅವಳು ಮೆಲ್ಲಗೆ ನೆಟ್ಟಗಾಗಿ ಹೊರಟುಹೋದಳು.

ಹತ್ತು ಗಂಟೆಗೆ ನಡುವಣ ಓಣಿಯಲ್ಲಿ ಮತ್ತೆ ಎದುರಾದಳು. "ಓ, ಬೆಳಿಗ್ಗೆ ನಿಮಗೆ ಕೊಡಲೇ ಇಲ್ಲ" ಎಂದು ನಗುತ್ತಾ ಮುಖ ಮುಂದೆ ತಂದಳು. ಓಡಲು ಜಾಗವಿರಲಿಲ್ಲ. ಫಿರ್ಮಿನ್ ಎಡಗೆನ್ನೆಯನ್ನು ಗೋಡೆಗೆ ಒತ್ತಿಕೊಂಡು ಬಲಗೈ ಚಾಚಿದ.

ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಐದು ವರ್ಷ ದಿನಾ ಮುತ್ತು ಕೊಟ್ಟವಳಿಗೆ ಕೈ ಕುಲುಕುವುದೆಂದರೆ ಮನೆಯಿಂದ ಹೊರಹಾಕಿ ಬಾಗಿಲು ಬಡಿದಂತೆ. ಮದಾಂ ಆ ಕೈಯನ್ನು ಒಂದು ಗಳಿಗೆ ನೋಡಿದಳು, ಎರಡು ಬೆರಳಿಂದ ಮುಟ್ಟಿದಳು, ತಿರುಗಿ ಕೋಣೆ ಸೇರಿದಳು. ಐದು ನಿಮಿಷದ ಮೇಲೆ ಒಡೀಲ್‌ಗೆ ಒಳಗಿನಿಂದ ಕರೆ ಹೋಯಿತು. ಕಾಫಿಗಿರಬೇಕೆಂದು ಫಿರ್ಮಿನ್ ಅತ್ತ ಗಮನ ಕೊಡಲಿಲ್ಲ.

ಹನ್ನೊಂದರ ಹೊತ್ತಿಗೆ ಕಾಫಿ ಯಂತ್ರದ ಸುತ್ತ ಒಂದೇ ಮಾತು. ಫಿರ್ಮಿನ್ ಅಮೆರಿಕದವರಿಗೆ ಮಾರಿಕೊಂಡಿದ್ದಾನೆ. ನಾಳೆಯೇ ವಿಮಾನ. ಗಡ್ಡ ಬೋಳಿಸಿದ್ದು ಪಾಸ್‌ಪೋರ್ಟಿನ ಫೋಟೋಗೆ. ಇದನ್ನೆಲ್ಲ ವಿಚಾರಿಸಲು ಅಂಬ್ರುವಾಜ್ ತಾನಾಗಿಯೇ ಬಂದ. ಕಸಾಯಿಖಾನೆಯಿಂದ ದನದ ರಕ್ತ ತಂದು ಥ್ರಾಂಬಿನ್ ಸೋಸಿ ತೆಗೆಯುವವನು ಅವನು. ತನ್ನ ಥ್ರಾಂಬಿನ್‌ಗೆ ಸಮನಾದದ್ದು ಜಗತ್ತಿನಲ್ಲಿಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ನೇರವಾಗಿ ಕೇಳ್ತೀನಿ ಕಣಯ್ಯ. ಕಾರು ಕೊಡ್ತಾರಂತಾ?"

"ಯಾರು?"

"ನಾಟಕ ಬೇಡ. ಮದಾಂಗೆ ಕೈ ಕೊಟ್ಯಂತೆ."

ಫಿರ್ಮಿನ್ ಅಳುವ ದನಿಯಲ್ಲಿ ಬ್ಲೇಡಿನ ಕಥೆ ಹೇಳಿ ಕೆನ್ನೆ ತಿರುಗಿಸಿ ತೋರಿಸಿದ. ಕೇಳುತ್ತಾ ಕೇಳುತ್ತಾ ಅಂಬ್ರುವಾಜ್ ನಗಲು ಹತ್ತಿದವನು ಕುರ್ಚಿ ಹಿಡಿದುಕೊಳ್ಳಬೇಕಾಯಿತು. "ಅಯ್ಯೋ ಪೆದ್ದ! ಹೆಪ್ಪುಗಟ್ಟಿಸೋ ಮನೇಲಿ ಕೂತ್ಕೊಂಡು ರಕ್ತ ಸೋರಿಸ್ತಿದೀಯಲ್ಲೋ! ಜಗತ್ತಲ್ಲಿ ಇಲ್ಲದಂಥ ಮಾಲು ಪಕ್ಕದ ಫ್ರಿಜ್‌ನಲ್ಲಿದೆ." ಹೋಗಿ ಒಂದು ಪುಟ್ಟ ಕೊಳವೆ ತಂದು, ಒಳಗಿದ್ದುದನ್ನು ಧಾರಾಳವಾಗಿ ಫಿರ್ಮಿನ್‌ನ ಕೆನ್ನೆಗೂ ಗದ್ದಕ್ಕೂ ಸುರಿದ. ರಕ್ತ ಹತ್ತು ಎಣಿಸುವಷ್ಟರಲ್ಲಿ ಗಟ್ಟಿಯಾಗಿ ನಿಂತಿತು.

"ಹೇಗೆ?" ಎಂದ ಅಂಬ್ರುವಾಜ್, ಕೈಕಟ್ಟಿ ನಿಂತು.

ಫಿರ್ಮಿನ್‌ಗೆ ಹೋದ ಪ್ರಾಣ ಬಂದಂತಾಯಿತು. ಮುತ್ತಿನ ಬಾಕಿ ತೀರಿಸಿಬಿಡೋಣವೆಂದು ಮದಾಂ ಕೋಣೆಗೆ ಓಡಿದ. ಬಾಗಿಲು ಹಾಕಿತ್ತು, ಒಳಗೆ ಫೋನಿನಲ್ಲಿ ಮಾತು, ಫ್ಯಾಕ್ಸ್ ಯಂತ್ರದ ಕಿರುಗುಟ್ಟುವಿಕೆ. ಸಂಜೆ ಮುಳ್ಳು ಹಾರಿದ ಮೇಲೆ ಒಟ್ಟಿಗೆ ನಾಲ್ಕು ಕೊಟ್ಟರಾಯಿತೆಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಹೋದ.

ಊಟವಾದ ಮೇಲೆ ಮೊಟ್ಟೆಗಳನ್ನು ಅಣಿಮಾಡಲು ಕುಳಿತ. ಗಡ್ಡ ಹೋದರೂ ಗಡ್ಡ ನೀವುವ ಚಾಳಿ ಹೋಗಿರಲಿಲ್ಲ. ಯೋಚನೆ ಬಂದಾಗಲೆಲ್ಲ ಕೈ ಗದ್ದಕ್ಕೆ ಹೋಗುವುದು, ಅಲ್ಲೇನೂ ಸಿಗದೆ ಬರಿ ಚರ್ಮ ಸವರಿ ವಾಪಸು ಬರುವುದು. ಬಂದ ಕೈಯಿಂದಲೇ ಬಟ್ಟಲ ನೀರು ಬದಲಾಯಿಸಿದ, ಮೊಟ್ಟೆ ತಿರುಗಿಸಿದ, ಮತ್ತೆ ಯೋಚಿಸಿದ, ಮತ್ತೆ ಸವರಿಕೊಂಡ.

ನಾಲ್ಕಕ್ಕೆ ಮಸ್ಯೂ ವಾಸೂರ್ ಬಂದ. ಬಿಳಿ ಸೂಟಿನ ಗಂಭೀರ ಮನುಷ್ಯ. ಪಕ್ಕದಲ್ಲಿ ಮದಾಂ, ಮಂಜುಗಡ್ಡೆಯಂಥ ಮುಖ. ಹಿಂದೆ ಇಡೀ ಪ್ರಯೋಗಾಲಯ. ಫಿರ್ಮಿನ್ ಮೊದಲ ಮೊಟ್ಟೆಗೆ ಸೂಜಿಗಳನ್ನು ಚುಚ್ಚಿ, ಕಾಗದ ಓಡಲು ಬಿಟ್ಟು, ಥ್ರಾಂಬಿನ್ ತೊಟ್ಟಿಕ್ಕಿದ.

ಮುಳ್ಳು ನೆಟ್ಟನೆ ಗೆರೆ ಎಳೆಯುತ್ತಾ ಹೋಯಿತು.

"ಮೊದಲನೇದು ಕೆಲವು ಸಲ ಹೀಗೆ ಮಸ್ಯೂ" ಎಂದ. ಎರಡನೆಯದು ನೆಟ್ಟಗೆ. ಮೂರನೆಯದೂ ನೆಟ್ಟಗೆ. ಐದನೆಯದರ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕಣ್ಣೆದುರಿಗೆ ಒನೋರಾ ಸಾಲು ಸಾಲು ಕೊಡೆಗಳ ನಡುವೆ ಹಲ್ಲು ಕಿರಿಯುತ್ತಾ ನಿಂತಿದ್ದ. ಹಿಂದೆ ಯಾರೋ ಪಿಸುಗುಟ್ಟಿದರು: "ನಿಜವಾದ್ದು ಅಮೆರಿಕಕ್ಕೆ ಹೋಗಿದೆ, ಇದು ಖಾಲಿ."

"ನನ್ನ ಥ್ರಾಂಬಿನ್‌ದೇನೂ ತಪ್ಪಿಲ್ಲ!" ಅಂಬ್ರುವಾಜ್ ಗಟ್ಟಿಯಾಗಿ ಹೇಳಿದ. "ಸಾವಿರ ಪಾಲು ನೀರಲ್ಲಿ ಒಂದು ಪಾಲು ಹಾಕಿದ್ರೂ ಸಾಕು."

ಫಿರ್ಮಿನ್ ದಿಕ್ಕು ತೋಚದೆ ಗದ್ದ ಸವರಿಕೊಂಡ.

"ಆ ಗದ್ದ ಬಿಡೋ ಮೊದಲು!" ಒಡೀಲ್‌ಗೆ ತಡೆಯಲಾಗಲಿಲ್ಲ. "ಮಧ್ಯಾಹ್ನದಿಂದ ನೋಡ್ತಿದೀನಿ. ಅಂಬ್ರುವಾಜ್ ಸುರಿದದ್ದೆಲ್ಲ ಅಲ್ಲೇ ಒಣಗಿದೆ, ಅದೇ ಕೈ ಬಟ್ಟಲಿಗೆ ಅದ್ತಿದೀಯ!"

ಎಲ್ಲರ ಕಣ್ಣೂ ಅವನ ಕೈಯ ಮೇಲೆ ಬಿತ್ತು. ಫಿರ್ಮಿನ್ ತನ್ನ ಬೆರಳುಗಳನ್ನೇ ದಿಟ್ಟಿಸಿದ. ಮೊಟ್ಟೆಗಳಿಗೆ ಥ್ರಾಂಬಿನ್ ಆಗಲೇ ಮುಟ್ಟಿಹೋಗಿತ್ತು! ಅವು ಉತ್ತರ ಕೊಟ್ಟೂ ಆಗಿತ್ತು, ಯಾರೂ ನೋಡದಿದ್ದಾಗ, ಮುಳ್ಳೂ ಇಲ್ಲದಿದ್ದಾಗ. ಒಂದು ಸಲ ಉತ್ತರ ಕೊಟ್ಟದ್ದು ಎರಡನೆಯ ಸಲ ಕೊಡುವುದಿಲ್ಲವೆಂದು ಅವನಿಗೆ ಆಗ ಹೊಳೆಯಿತು.

"ಒಡೀಲ್! ತಣ್ಣನೆ ಪೆಟ್ಟಿಗೆ ಬಟ್ಟಲು!"

ಅವಳು ತಂದಳು. ಫಿರ್ಮಿನ್ ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಕೈಗವಸು ಹಾಕಿ, ಗದ್ದಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದ. ಹೊಸ ಮೊಟ್ಟೆಗೆ ಒಂದು ತೊಟ್ಟು ಬಿತ್ತು. ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮುಳ್ಳು ಹಾರಿತು. ಹಾರಿದ ರಭಸಕ್ಕೆ ಕಾಗದದ ಅಂಚು ದಾಟಿ, ಯಂತ್ರದ ತುದಿಗೆ ಬಡಿದು, ಮಸಿಯನ್ನು ಮಸ್ಯೂ ವಾಸೂರ್‌ನ ಬಿಳಿ ಕೋಟಿನ ಮೇಲೆ ಉದ್ದಕ್ಕೆ ಸಿಡಿಸಿತು. ಅದೇ ಮೊಟ್ಟೆಗೆ ಇನ್ನೊಂದು ತೊಟ್ಟು ಹಾಕಿದರೆ ನೆಟ್ಟನೆ ಗೆರೆ. ಇನ್ನೊಂದು ಮೊಟ್ಟೆ, ಮತ್ತೆ ಹಾರಿತು. ಹೋಲಿಕೆಗೆಂದು ಬರಿ ನೀರು ಚುಚ್ಚಿದ್ದ ಮೊಟ್ಟೆಗಳು ಮಿಸುಕಲಿಲ್ಲ. ಕಿರುಚಾಟಕ್ಕೆ ಕಪ್ಪೆಗಳು ತೊಟ್ಟಿಯಲ್ಲಿ ಮುಳುಗಿಕೊಂಡವು.

"ಒಂದೇ ಸಲ ಉತ್ತರ ಕೊಡೋ ಗ್ರಾಹಕ!" ಮಸ್ಯೂ ವಾಸೂರ್ ಕೋಟಿನ ಕಡೆ ನೋಡಲೂ ಇಲ್ಲ. "ಇದು ಜೀನು ಸಿಕ್ಕಿದ್ದಕ್ಕಿಂತ ದೊಡ್ಡ ವಿಷಯ. ಶಭಾಷ್!"

ಮದಾಂ ಗಿಸ್ಲೇನ್ ಮಾತ್ರ ನಗಲಿಲ್ಲ. "ಫಿರ್ಮಿನ್, ನೀವು... ಇದನ್ನ ಇಲ್ಲೇ ಇಟ್ಟಿದ್ರಾ? ಹಾಗಾದ್ರೆ ಅಮೆರಿಕ?"

"ಯಾವ ಅಮೆರಿಕ ಮದಾಂ? ಬೆಳಿಗ್ಗೆ ಕೆನ್ನೆ ಕುಯ್ಕೊಂಡಿದ್ದೆ, ನೀವು ನೋಡಬಾರದು ಅಂತ ತಪ್ಪಿಸ್ಕೊಂಡೆ, ಅಷ್ಟೇ. ಹುದ್ದೆ ಕಾಗದ ಈಗ..."

ಮದಾಂ ಹತ್ತಿರವಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. "ಪ್ಯಾರಿಸ್ ಆಫೀಸು ಒಂದು ಗಂಟೆಗೆ ಆಗಸ್ಟ್ ರಜಕ್ಕೆ ಬಾಗಿಲು ಹಾಕುತ್ತೆ, ಹೆಸರು ಕಳಿಸಿ ಅಂತ ಫೋನ್ ಬಂತು. ನೀವು ನನಗೆ ಕೈ ಕುಲುಕಿದ್ರಿ, ಫಿರ್ಮಿನ್. ಕೈ! ಹೋಗೋರಿಗೆ ಹುದ್ದೆ ಯಾಕೆ ಅಂತ... ಒಡೀಲ್ ಹೆಸರು ಕಳಿಸಿಬಿಟ್ಟೆ."

ಫಿರ್ಮಿನ್ ಮಸ್ಯೂ ವಾಸೂರ್ ಕಡೆ ತಿರುಗಿದ. ಅವನು ಭುಜ ಕುಣಿಸಿದ. "ನಾನು ನೋಡೋಕೆ ಬಂದೋನು. ಹುದ್ದೆ ಒಂದು ಸಲ ತುಂಬಿತು ಅಂದ್ರೆ ಮುಗೀತಪ್ಪ, ಮಂತ್ರಿ ಬಂದು ತಟ್ಟಿದ್ರೂ ಮಿಸುಕಲ್ಲ. ನಿಮ್ಮ ಮೊಟ್ಟೆ ಹಾಗೇನೇ."

"ಒಡೀಲ್!" ಫಿರ್ಮಿನ್‌ನ ದನಿ ಕಿರುಚಿದಂತೆ ಬಂತು. "ನಿಂಗೆ ಗೊತ್ತಿತ್ತಲ್ಲೇ! ಕರೆದು ಕೇಳಿದಾಗ ಹೇಳೋಕೇನಾಗಿತ್ತು?"

"ನಾನು ಹೇಗೆ ಹೇಳ್ಲಿ?" ಒಡೀಲ್‌ಳ ಕಣ್ಣಲ್ಲಿ ನೀರು ತುಂಬಿತ್ತು. "ಫಿರ್ಮಿನ್‌ಗೆ ಏನಾಗಿದೆ, ಅಮೆರಿಕಕ್ಕೆ ಹೋಗ್ತಿದಾನಾ ಅಂತ ಕೇಳಿದ್ರು. ನಂಗೆ ಗೊತ್ತು ಮದಾಂ, ಆದ್ರೆ ಹೇಳಲ್ಲ, ಸತ್ತ ನಮ್ಮಮ್ಮನ ಮೇಲೆ ಆಣೆ ಮಾಡಿದೀನಿ ಅಂದೆ. ಒಂದೇ ಒಂದು ಸುಳ್ಳು ಹೇಳಿದ್ರೆ ಕೇಳು. ಹುದ್ದೆ ಬೇಡ ಅಂತಲೂ ಅಂದೆ ಕಣೋ. ಒಂದು ಸಲ ಅಂದೆ."

ಅವಳ ಮೇಲೆ ಸಿಟ್ಟು ಮಾಡೋಣವೆಂದರೆ ಫಿರ್ಮಿನ್‌ಗೆ ಆಗಲಿಲ್ಲ. ಹನ್ನೊಂದು ವರ್ಷ. ಇವತ್ತಿನ ಮುಳ್ಳು ಹಾರಿದ್ದೂ ಅವಳಿಟ್ಟ ಬಟ್ಟಲಿನಿಂದಲೇ. ಯಾರೋ ಪ್ಲಾಸ್ಟಿಕ್ ಲೋಟಗಳಲ್ಲಿ ವೈನ್ ಸುರಿದರು. ಒಡೀಲ್ ಹೆದರುತ್ತಾ ಹೆದರುತ್ತಾ ಹತ್ತಿರ ಬಂದು ಕೆನ್ನೆ ಮುಂದೆ ಮಾಡಿದಳು. ಅಂದು ಬೆಳಿಗ್ಗೆಯಿಂದ ಮುತ್ತು ತಪ್ಪಿಸಿ ಆದದ್ದು ಸಾಕೆನಿಸಿ, ಅವನು ಕರವಸ್ತ್ರ ಬಿಚ್ಚಿ, ಎರಡು ಕಡೆಗೂ ಗಟ್ಟಿಯಾಗಿ ಕೊಟ್ಟ. ಎಡಗಡೆಯ ಗಾಯದ ಹಕ್ಕಳೆ ಕಿತ್ತು ಬಂತು.

ಒಡೀಲ್‌ಳ ಕೆನ್ನೆಯ ಕೆಂಪು ಬೊಟ್ಟನ್ನು ಮೊದಲು ಕಂಡವಳು ಮದಾಂ. ಅವಳು ಈ ಸಲ ಬಿದ್ದದ್ದು ಮಸ್ಯೂ ವಾಸೂರ್‌ನ ಮೇಲೆ.

ಫಿರ್ಮಿನ್ ಮನೆಯ ಬಾಗಿಲಿಗೆ ಬಂದಾಗ ಎರಡನೆಯ ಅಂಗಿಯ ಕಾಲರೂ ಕೆಂಪಾಗಿತ್ತು. ಮೇಲಿನ ಮಹಡಿಯಿಂದ ಒನೋರಾನ ದೊಡ್ಡ ನಗು ಕೇಳಿಸುತ್ತಿತ್ತು. ಅವನು ಸುದ್ದಿ ಕೇಳಲು ಮೊದಲೇ ಬಂದು ಕೂತಿದ್ದ. ರೇಬೋ ಅಜ್ಜಿ ಬೆಳಿಗ್ಗೆ ನಿಂತಿದ್ದಲ್ಲೇ ನಿಂತಿದ್ದಳು.

"ಇನ್ನೂ ಸೋರ್ತಾ ಇದೆಯಲ್ಲೋ ಮಗಾ. ನಿಮ್ಮ ವಿಜ್ಞಾನ ಏನಾಯ್ತು?"

"ಗೆದ್ದಿತು ಅಜ್ಜಿ" ಎಂದು ಫಿರ್ಮಿನ್ ಮೆಟ್ಟಿಲ ಮೇಲೆ ಕುಳಿತು ಎಡಗೆನ್ನೆ ತಿರುಗಿಸಿದ. ಅಜ್ಜಿ ಒಳಗೆ ಹೋಗಿ ಕೋಲು ತಂದಳು. ಬಲೆ ಬೆಳಿಗ್ಗೆಯದೇ, ಎಸೆದಿರಲಿಲ್ಲ.